ಡಿಗ್ರಿ ಅಂಚೆಯಲ್ಲಿ ಬರುತ್ತೆ, ಜೊತೆಗಾರರು ಬರಲ್ಲ



ಪೋಸ್ಟ್ ಉದ್ದ ಇದೆ. ಬಿಡುವಾದಾಗ ಓದಿ. ಮನೆಯಲ್ಲಿ ಡಿಗ್ರಿ ಓದೋ ಮಕ್ಕಳಿದ್ದರೆ ಅವರಿಗೂ ಓದಿಸಿ.

ಈಗ ಅಡ್ಮಿಷನ್ ಕಾಲ. ಫೋನ್ ತೆಗೆದರೆ ಸಾಕು, ಆನ್‌ಲೈನ್ ಬಿಎ, ಆನ್‌ಲೈನ್ ಬಿಕಾಂ, ಆನ್‌ಲೈನ್ ಎಂಬಿಎ ಜಾಹೀರಾತು. ಮನೆಯಲ್ಲೇ ಕೂತು ಪದವಿ ತಗೊಳ್ಳಿ ಅಂತಾರೆ. ನಮ್ಮ ಹುಡುಗರು, ಹೆಣ್ಣುಮಕ್ಕಳು ಮೆಸೇಜ್ ಮಾಡಿ ಕೇಳ್ತಾರೆ: "ಅಣ್ಣಾ, ಸೇರಬಹುದಾ? ಯುಜಿಸಿ ಮಾನ್ಯತೆ ಇದೆಯಾ? ಸರ್ಕಾರಿ ಕೆಲಸಕ್ಕೆ ನಡೆಯುತ್ತಾ? ಸ್ಕಾಲರ್‌ಶಿಪ್ ಬರುತ್ತಾ?" ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಇನ್ನೊಂದು ಪ್ರಶ್ನೆ ಇದೆ, ಅದನ್ನು ಇದುವರೆಗೆ ಒಬ್ಬರೂ ಕೇಳಿಲ್ಲ: "ಅಲ್ಲಿ ನನ್ನ ಜೊತೆ ಯಾರಿರ್ತಾರೆ?"

ಉಳಿದವರಿಗೆ ಇದು ಸಣ್ಣ ಪ್ರಶ್ನೆ ಇರಬಹುದು. ಅಪ್ಪ ಲೆಕ್ಚರರ್, ಚಿಕ್ಕಪ್ಪ ಇಂಜಿನಿಯರ್, ಅತ್ತೆ ಮಗ ಅಮೆರಿಕದಲ್ಲಿ ಅಂತ ಇರೋ ಮನೆಯ ಹುಡುಗನಿಗೆ ಕಾಲೇಜು ಕೊಡದಿದ್ದರೂ ಮನೆಯೇ ಜೊತೆ ಕೊಡುತ್ತೆ. ನಮಗೆ ಹಾಗಲ್ಲ. ಕೇರಿಯಿಂದ ಮೊದಲ ಬಾರಿ ಡಿಗ್ರಿಗೆ ಹೋಗೋ ಹುಡುಗಿಗೆ ಇಂಟರ್ನಲ್ಸ್ ಅಂದರೇನು, ಬ್ಯಾಕ್‌ಲಾಗ್ ಅಂದರೇನು, ರೀವ್ಯಾಲ್ಯುಯೇಷನ್‌ಗೆ ಅರ್ಜಿ ಎಲ್ಲಿ ಹಾಕಬೇಕು ಅಂತ ಹೇಳೋದು ಅವಳ ಜೊತೆಗಾರರು, ಸೀನಿಯರ್‌ಗಳು ಮಾತ್ರ. ನಮ್ಮ ವಿದ್ಯಾಭ್ಯಾಸದ ಚರಿತ್ರೆ ತಿರುಗಿಸಿ ನೋಡಿದರೆ, ಪಾಠದಷ್ಟೇ ಕೆಲಸವನ್ನು ಪಾಠದ ಪಕ್ಕದಲ್ಲಿ ಕೂತವರೂ ಮಾಡಿದ್ದಾರೆ. ಆ ಚರಿತ್ರೆಯನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ.

ಬಾಬಾಸಾಹೇಬರಿಂದಲೇ ಶುರು ಮಾಡೋಣ.

1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರಿಗೆ ಜಾನ್ ಡ್ಯೂಯಿ, ಸೆಲಿಗ್‌ಮನ್ ಅಂಥ ಗುರುಗಳು ಸಿಕ್ಕಿದ್ದು ನಮಗೆಲ್ಲ ಗೊತ್ತು. ಭಾಷಣದಲ್ಲಿ ಹೇಳ್ತೀವಿ. ಆದರೆ ಹಾಸ್ಟೆಲ್ಲಿನ ರೂಮಿನಲ್ಲಿ ಜೊತೆಗಿದ್ದ ನವಲ್ ಭಥೇನಾ ಅನ್ನೋ ಪಾರ್ಸಿ ಹುಡುಗನ ಬಗ್ಗೆ ಎಷ್ಟು ಜನ ಹೇಳ್ತಾರೆ? ಅಲ್ಲಿ ಶುರುವಾದ ಗೆಳೆತನ ಅಲ್ಲಿಗೇ ಮುಗಿಯಲಿಲ್ಲ. 1920ರಲ್ಲಿ ಅರ್ಧಕ್ಕೆ ನಿಂತ ಓದು ಮುಗಿಸಲು ಬಾಬಾಸಾಹೇಬರು ಮತ್ತೆ ಲಂಡನ್ನಿಗೆ ಹೊರಟಾಗ ಐದು ಸಾವಿರ ರೂಪಾಯಿ ಸಾಲ ಕೊಟ್ಟವನು ಇದೇ ಭಥೇನಾ. ಲಂಡನ್ನಿನಲ್ಲಿ ಕೈ ಖಾಲಿಯಾದಾಗ ಪತ್ರ ಬರೆದಿದ್ದೂ ಅವನಿಗೇ. ಒಂದು ರೂಮಿನಲ್ಲಿ ಜೊತೆಗಿದ್ದ ಗೆಳೆತನ, ಒಬ್ಬ ಮಹಾನ್ ಅರ್ಥಶಾಸ್ತ್ರಜ್ಞನ ಓದು ನಿಲ್ಲದ ಹಾಗೆ ನೋಡಿಕೊಂಡಿತು. ಸಿಲಬಸ್ಸಿನಲ್ಲಿ ಇಲ್ಲದ ಪಾಠ ಅಂದರೆ ಇದು.

ಇದನ್ನು ಅನುಭವಿಸಿದ ಮನುಷ್ಯ ಊರಿಗೆ ಬಂದು ಮೊದಲು ಏನು ಮಾಡಿದರು ನೋಡಿ. 1924ರ ಜುಲೈನಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. 1925ರ ಜನವರಿಯಲ್ಲಿ ಸೋಲಾಪುರದಲ್ಲಿ ಸಭಾದ ಹಾಸ್ಟೆಲ್ ಶುರುವಾಯಿತು. ಗಮನಿಸಿ, ಶಾಲೆಗಿಂತ ಮುಂಚೆ ಹಾಸ್ಟೆಲ್. ಶಾಲೆಗಳು ಹೇಗೋ ಇದ್ದವು, ಬಾಗಿಲ ಹೊರಗಾದರೂ ಕೂರಿಸುತ್ತಿದ್ದರು. ಇಲ್ಲದೇ ಇದ್ದದ್ದು ಜೊತೆಗೆ ಕೂತು ಉಣ್ಣುವ, ಓದುವ, ಜಗಳ ಆಡುವ ಜಾಗ. ಆ ಹಾಸ್ಟೆಲ್ಲಿನ ಹುಡುಗರು 'ಸರಸ್ವತಿ ವಿಲಾಸ' ಅಂತ ಒಂದು ಮಾಸಪತ್ರಿಕೆ ಕೂಡ ನಡೆಸಿದರು. ಸಭಾದ ಕಡೆಯಿಂದ ಮುಂಬೈಯಲ್ಲಿ ಓದುವ ಕೋಣೆ ಬಂತು, ಹಾಕಿ ಕ್ಲಬ್ ಬಂತು. ಹಾಕಿ ಕ್ಲಬ್ ಯಾಕೆ ಅಂತ ನಗಬೇಡಿ. ಜೊತೆಗೆ ಆಡದವರು ಜೊತೆಗೆ ಹೋರಾಡಲ್ಲ.

1928ರಲ್ಲಿ ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಷನ್ ಸೊಸೈಟಿಯ ಹಾಸ್ಟೆಲ್‌ಗಳಲ್ಲಿ ನಮ್ಮ ಧಾರವಾಡದ್ದೂ ಒಂದು. ಆಮೇಲೆ 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ, 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು, 1950ರಲ್ಲಿ ಔರಂಗಾಬಾದಿನಲ್ಲಿ ಮಿಲಿಂದ ಕಾಲೇಜು. ಮರಾಠವಾಡದಂಥ ಬರಗಾಲದ ಸೀಮೆಯಿಂದ ಬಂದ ಹುಡುಗರು ಮಿಲಿಂದದಲ್ಲಿ ಒಟ್ಟಿಗೆ ಸೇರಿದ ಮೇಲೆ ಏನಾಯಿತು? ಆ ಕಾಲೇಜಿನ ಮೇಷ್ಟ್ರು ಗಂಗಾಧರ ಪಾನತಾವಣೆ 'ಅಸ್ಮಿತಾದರ್ಶ' ಪತ್ರಿಕೆ ನಡೆಸಿದರು. ಮರಾಠಿ ದಲಿತ ಸಾಹಿತ್ಯದ ದೊಡ್ಡ ಪಾಲು ಅದರ ಪುಟಗಳಲ್ಲಿ ಹುಟ್ಟಿತು. ಪರೀಕ್ಷೆ ಪಾಸು ಮಾಡೋಕೆ ಬಂದವರು ಒಂದು ಸಾಹಿತ್ಯವನ್ನೇ ಕಟ್ಟಿ ಹೋದರು.

ನಮ್ಮ ಕರ್ನಾಟಕದ ಕತೆಯೂ ಹೀಗೇ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು, ಮೈಸೂರಿನಲ್ಲಿ ತಲಕಾಡು ರಂಗೇಗೌಡರು, ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅಂಥವರ ಕೆಲಸ ಚಿಕ್ಕದಲ್ಲ. ಸಿದ್ಧಲಿಂಗಯ್ಯನವರ 'ಊರು ಕೇರಿ' ಓದಿದವರಿಗೆ ಬೆಂಗಳೂರಿನ ಹಾಸ್ಟೆಲ್ ಅವರನ್ನು ಹೇಗೆ ಬೆಳೆಸಿತು ಅಂತ ಗೊತ್ತಿರುತ್ತೆ.

1973ರ ನವೆಂಬರ್ ನೆನಪು ಮಾಡಿಕೊಳ್ಳಿ. ಆಗ ನಾನು ಹುಟ್ಟಿರಲೇ ಇಲ್ಲ, ಹಿರಿಯರು ಹೇಳಿದ್ದು, ಓದಿದ್ದು. ದೇವರಾಜ ಅರಸರ ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಇದೆ ಅಂದರು. ಊರೆಲ್ಲ ಹತ್ತಿ ಉರಿಯಿತು. ಬೀದಿಯಲ್ಲಿ ಏಟು ತಿಂದವರು ದಲಿತ ವಿದ್ಯಾರ್ಥಿಗಳು. ಕಲ್ಲು ಬಿದ್ದದ್ದು ಹಾಸ್ಟೆಲ್‌ಗಳ ಮೇಲೆ. ಕೊನೆಗೆ ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಆದರೆ ಏಟು ತಿಂದ ಹುಡುಗರು ಒಬ್ಬೊಬ್ಬರೇ ರೂಮಿನಲ್ಲಿ ಕೂತು ಅಳಲಿಲ್ಲ. ಅವರೆಲ್ಲ ಒಂದೇ ಸೂರಿನಡಿ ಇದ್ದರು. ರಾತ್ರಿ ಒಟ್ಟಿಗೆ ಕೂತು ಮಾತಾಡಿದರು. ಯಾವ ಊರಲ್ಲಿ ಯಾರಿದ್ದಾರೆ ಅಂತ ಪತ್ತೆ ಹಚ್ಚಿದರು. ಆ ಬಿಸಿಯಲ್ಲೇ, 70ರ ದಶಕದ ಮಧ್ಯದಲ್ಲಿ, ಭದ್ರಾವತಿಯ ಮೇಷ್ಟ್ರು ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಎದ್ದು ನಿಂತಿತು. ಡಿಎಸ್‌ಎಸ್‌ನ ಬೇರು ಯಾವುದು ಅಂತ ಯಾರಾದರೂ ಕೇಳಿದರೆ ನಾನು ಹೇಳೋದು, ಸೋಷಿಯಲ್ ವೆಲ್‌ಫೇರ್ ಹಾಸ್ಟೆಲ್ಲಿನ ತಟ್ಟೆ ಲೋಟ.

ಈಗ ಒಂದು ಊಹೆ ಮಾಡಿ. 1973ರಲ್ಲಿ ಆ ಹುಡುಗರೆಲ್ಲ ಅವರವರ ಊರಲ್ಲೇ ಇದ್ದು ಫೋನಿನಲ್ಲಿ ಪಾಠ ಕೇಳ್ತಾ ಇದ್ದಿದ್ದರೆ? ಡಿಗ್ರಿ ಎಲ್ಲರಿಗೂ ಸಿಕ್ಕಿರೋದು. ಡಿಎಸ್‌ಎಸ್ ಸಿಗ್ತಾ ಇರಲಿಲ್ಲ.

ಹಾಗಾದರೆ ದೂರದಿಂದ ಓದೋದೇ ತಪ್ಪಾ? ಅಲ್ಲ. ಅದರ ಚರಿತ್ರೆಯನ್ನೂ ನೋಡೋಣ. ಅಲ್ಲಿ ನಮಗೆ ಬೇಕಾದ ಪಾಠ ಬಹಳ ಇದೆ.

ಲಂಡನ್ ವಿಶ್ವವಿದ್ಯಾಲಯ 1858ರಲ್ಲೇ ಕಾಲೇಜಿಗೆ ಬರದವರಿಗೂ ಪರೀಕ್ಷೆ ಬರೆಯೋ ಬಾಗಿಲು ತೆರೆಯಿತು. ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಓದಿ ಬರೆಯಬಹುದು. ದಕ್ಷಿಣ ಆಫ್ರಿಕಾದಲ್ಲಿ ಯುನಿಸಾ ಅನ್ನೋ ವಿಶ್ವವಿದ್ಯಾಲಯ 1946ರಿಂದ ಅಂಚೆಯ ಮೂಲಕ ಪಾಠ ಶುರು ಮಾಡಿತು. ಕರಿಯರಿಗೆ ಒಳ್ಳೆಯ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿದ್ದ ಕಾಲ. ನೆಲ್ಸನ್ ಮಂಡೇಲಾ ಫೋರ್ಟ್ ಹೇರ್ ಕಾಲೇಜಿನಿಂದ ಹೊರಬಿದ್ದ ಮೇಲೆ ಬಿಎ ಮುಗಿಸಿದ್ದು ಯುನಿಸಾ ಮೂಲಕ. ಜೈಲಿನಲ್ಲಿ ಇದ್ದೇ ಕಾನೂನು ಪದವಿ ಮುಗಿಸಿದ್ದೂ ಯುನಿಸಾ ಮೂಲಕ, 1989ರಲ್ಲಿ.

ರಾಬೆನ್ ದ್ವೀಪದ ಜೈಲಿನ ಕತೆ ಕೇಳಿ. ಅಲ್ಲಿನ ರಾಜಕೀಯ ಕೈದಿಗಳಿಗೆ ಅಂಚೆ ಮೂಲಕ ಓದೋಕೆ ಅನುಮತಿ ಇತ್ತು. ಬೇಕಾದಾಗ ಕೊಡೋರು, ಬೇಡದಾಗ ಕಿತ್ಕೊಳ್ಳೋರು. ಫೀಸು ಕೈದಿಗಳೇ ಹೊಂದಿಸಬೇಕು. ಹೆಸರು ನೋಂದಾಯಿಸದ ಕೈದಿಗೆ ಪುಸ್ತಕ ಕೊಡುವ ಹಾಗಿಲ್ಲ. ಅಂದರೆ ಓದು ಅನ್ನೋದು ಒಬ್ಬೊಬ್ಬರ ಸ್ವಂತ ವ್ಯವಹಾರ ಆಗಿಯೇ ಇರಬೇಕು ಅನ್ನೋದು ಜೈಲಿನವರ ಲೆಕ್ಕ. ಕೈದಿಗಳು ಆ ಲೆಕ್ಕ ಕೆಡಿಸಿದರು. ಪುಸ್ತಕಗಳನ್ನು ಕದ್ದು ಮುಚ್ಚಿ ದಾಟಿಸಿದರು. ಅಕ್ಷರ ಬರದೆ ಬಂದವರಿಗೆ ಅಕ್ಷರ ಬಂದವರು ಕಲಿಸಿದರು. ಸುಣ್ಣದ ಕಲ್ಲಿನ ಕ್ವಾರಿಯಲ್ಲಿ ಗುದ್ದಲಿ ಹಿಡಿದುಕೊಂಡೇ ಚಳವಳಿಯ ಚರಿತ್ರೆಯ ಪಾಠ ನಡೆಯಿತು, ವಾಲ್ಟರ್ ಸಿಸುಲು ಪಾಠ ಮಾಡಿದರು. ಅದಕ್ಕೇ ಜನ ಆ ಜೈಲನ್ನು ವಿಶ್ವವಿದ್ಯಾಲಯ ಅಂತ ಕರೆದರು. ಪಾಠ ಬಂದದ್ದು ಅಂಚೆಯಲ್ಲಿ. ವಿಶ್ವವಿದ್ಯಾಲಯ ಕಟ್ಟಿದ್ದು ಕೈದಿಗಳು.

ಅದೇ ದ್ವೀಪದಲ್ಲಿ ಇನ್ನೊಬ್ಬರಿದ್ದರು. ರಾಬರ್ಟ್ ಸೊಬುಕ್ವೆ. ಅವರ ಶಿಕ್ಷೆ ಮುಗಿದ ಮೇಲೂ ಬಿಡದೆ ಇಟ್ಟುಕೊಳ್ಳೋಕೆ ಸರ್ಕಾರ ಹೊಸ ಕಾನೂನೇ ಮಾಡಿತು. 1963ರಿಂದ 1969ರವರೆಗೆ ಅವರನ್ನು ಬೇರೆ ಕೈದಿಗಳಿಂದ ದೂರ, ಒಂದು ಮನೆಯಲ್ಲಿ ಒಂಟಿಯಾಗಿ ಇಟ್ಟರು. ಯಾರ ಜೊತೆಗೂ ಮಾತಾಡುವ ಹಾಗಿಲ್ಲ. ಆದರೆ ಓದೋಕೆ ಬಿಟ್ಟರು! ಅವರು ಲಂಡನ್ ವಿಶ್ವವಿದ್ಯಾಲಯದಿಂದ ಅರ್ಥಶಾಸ್ತ್ರದಲ್ಲಿ ಪದವಿಯನ್ನೂ ತಗೊಂಡರು.

ಇದನ್ನು ಮೊದಲ ಸಲ ಓದಿದಾಗ ನಾನು ಬಹಳ ಹೊತ್ತು ಯೋಚನೆ ಮಾಡಿದೆ. ವರ್ಣಭೇದ ಸರ್ಕಾರಕ್ಕೆ ಸೊಬುಕ್ವೆಯ ಡಿಗ್ರಿಯ ಭಯ ಇರಲಿಲ್ಲ. ಅವರು ಇನ್ನೊಬ್ಬರ ಪಕ್ಕ ಕೂರುವ ಭಯ ಇತ್ತು. ಓದಲಿ ಬಿಡಿ, ಒಬ್ಬನೇ ಓದಲಿ. ನಮ್ಮನ್ನು ಆಳೋರಿಗೆ ಯಾವ ಥರದ ವಿದ್ಯೆ ಅಪಾಯ, ಯಾವ ಥರದ್ದು ಅಪಾಯ ಅಲ್ಲ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ಹೇಳೋ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನೊಂದು ಕಡೆ ಇಂಗ್ಲೆಂಡ್. 1969ರಲ್ಲಿ ಅಲ್ಲಿ ಓಪನ್ ಯೂನಿವರ್ಸಿಟಿ ಹುಟ್ಟಿತು. ಅದರ ಹಿಂದೆ ನಿಂತವರು ಜೆನ್ನಿ ಲೀ ಅನ್ನೋ ಮಂತ್ರಿ, ಸ್ಕಾಟ್ಲೆಂಡಿನ ಗಣಿ ಕಾರ್ಮಿಕನ ಮಗಳು. ಕಡಿಮೆ ದರ್ಜೆಯ ಡಿಗ್ರಿ ಆಗಕೂಡದು ಅಂತ ಆಕೆ ಹಟ ಹಿಡಿದರು. 1971ರಲ್ಲಿ ಪಾಠ ಶುರುವಾದಾಗ ಸುಮಾರು 24,000 ವಿದ್ಯಾರ್ಥಿಗಳು. ಬಿಬಿಸಿಯ ಟಿವಿ, ರೇಡಿಯೋದಲ್ಲಿ ಪಾಠ. ಆದರೆ ಬರೀ ಟಿವಿ ನಂಬಿ ಕೂರಲಿಲ್ಲ. ಊರೂರಲ್ಲಿ ಸ್ಟಡಿ ಸೆಂಟರ್, ವಿದ್ಯಾರ್ಥಿಗಳಿಗೆ ಹತ್ತಿರದಲ್ಲೇ ಒಬ್ಬ ಟ್ಯೂಟರ್, ಬೇಸಿಗೆಯಲ್ಲಿ ಒಂದು ವಾರ ಬೇರೆ ವಿಶ್ವವಿದ್ಯಾಲಯದ ಹಾಸ್ಟೆಲ್ಲಿನಲ್ಲಿ ಉಳಿದು ಓದುವ ಸಮ್ಮರ್ ಸ್ಕೂಲ್. ಫ್ಯಾಕ್ಟರಿ ಕೆಲಸದವರು, ಮನೆ ನಡೆಸೋ ಹೆಂಗಸರು ಜೀವನದಲ್ಲಿ ಮೊದಲ ಸಲ ಒಂದು ವಾರ ಬರೀ ವಿದ್ಯಾರ್ಥಿಗಳಾಗಿ ಬದುಕಿದರು. ದೂರಶಿಕ್ಷಣ ಅಂದರೆ ದೂರ ಇಡುವ ಶಿಕ್ಷಣ ಆಗಬೇಕಿಲ್ಲ ಅಂತ ಅವರು ಮಾಡಿ ತೋರಿಸಿದರು. ಅದಕ್ಕೆ ದುಡ್ಡು ಹಾಕಿದರು ಅನ್ನೋದನ್ನೂ ಮರೀಬಾರದು.

ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಕರೆಸ್ಪಾಂಡೆನ್ಸ್ ಕೋರ್ಸ್ ಶುರು ಮಾಡಿತು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ. ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ 1982ರಲ್ಲಿ ಹೈದರಾಬಾದಿನಲ್ಲಿ ಬಂತು, 1991ರಲ್ಲಿ ಅದಕ್ಕೆ ಬಾಬಾಸಾಹೇಬರ ಹೆಸರನ್ನೇ ಇಟ್ಟರು. ಅದರ ಮೊದಲ ಕುಲಪತಿ ಜಿ. ರಾಮ್ ರೆಡ್ಡಿ ಅವರೇ 1985ರಲ್ಲಿ ಇಗ್ನೋದ ಮೊದಲ ಕುಲಪತಿಯೂ ಆದರು. ಮೈಸೂರಿನ ಅಂಚೆ ತೆರಪಿನ ಶಿಕ್ಷಣ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆಯಿತು.

ಈ ಸಂಸ್ಥೆಗಳಿಂದ ನಮ್ಮ ಜನಕ್ಕೆ ಆದ ಉಪಕಾರ ದೊಡ್ಡದು. ನಾನು ಒಬ್ಬ ಗುಮಾಸ್ತ. ನನ್ನ ಸುತ್ತ ಟೇಬಲ್‌ಗಳಲ್ಲಿ ಕೂತವರನ್ನೇ ಎಣಿಸಿದರೆ, ಡಿ ಗ್ರೂಪಿನಲ್ಲಿ ಸೇರಿ, ಅಂಚೆ ಮೂಲಕ ಡಿಗ್ರಿ ಮಾಡಿ, ಪ್ರಮೋಷನ್ ತಗೊಂಡು ಎಸ್‌ಡಿಎ, ಎಫ್‌ಡಿಎ ಆದವರು ಎಷ್ಟೋ ಜನ. ನನ್ನ ಬಿಎ ಕೂಡ ಕೆಲಸ ಮಾಡ್ತಾ ಮುಗಿಸಿದ್ದೇ. ಪುಸ್ತಕದ ಪಾರ್ಸೆಲ್ ಮನೆಗೆ ಬರೋದು. ಸಮಾಜಶಾಸ್ತ್ರದ ಪಾಠ ಓದಿದೆ, ಪಾಸಾದೆ, ಇವತ್ತು ಅದರಲ್ಲಿ ಮುಕ್ಕಾಲು ಮರೆತಿದೆ. ಮರೆಯದೇ ಉಳಿದಿದ್ದು ಭಾನುವಾರದ ಕಾಂಟ್ಯಾಕ್ಟ್ ಕ್ಲಾಸು. ಬಸ್ ಕಂಡಕ್ಟರ್ ಒಬ್ಬರು, ಅಂಗನವಾಡಿ ಟೀಚರ್ ಒಬ್ಬರು, ಕೆಇಬಿ ಲೈನ್‌ಮ್ಯಾನ್ ಒಬ್ಬರು, ನಾನು. ಕ್ಲಾಸು ಮುಗಿದ ಮೇಲೆ ಟೀ ಅಂಗಡಿ ಮುಂದೆ ನಿಂತು ನೋಟ್ಸ್ ಹಂಚಿಕೊಳ್ಳೋದು, ಒಬ್ಬರು ಜೆರಾಕ್ಸ್ ಮಾಡಿಸಿ ತರೋದು. ಆ ಅಂಗನವಾಡಿ ಅಕ್ಕನಿಂದಲೇ ನನಗೆ ಮೊದಲ ಸಲ ಬಾಬಾಸಾಹೇಬರ ಬರಹಗಳ ಕನ್ನಡ ಸಂಪುಟ ಸಿಕ್ಕಿದ್ದು. ಪ್ರಾಸ್ಪೆಕ್ಟಸ್ಸಿನಲ್ಲಿ ಅದು ಎಲ್ಲೂ ಬರೆದಿರಲಿಲ್ಲ.

ಹಾಗೆ ಗುಂಪು ಇಲ್ಲದಿದ್ದರೆ ಏನಾಗುತ್ತೆ ಅನ್ನೋದನ್ನೂ ಇದೇ ರಾಜ್ಯ ನೋಡಿದೆ. 2015ರ ಜೂನ್‌ನಲ್ಲಿ ಯುಜಿಸಿ, 2012-13ರ ನಂತರ ಕರ್ನಾಟಕ ರಾಜ್ಯ ಮುಕ್ತ ವಿವಿಗೆ ಮಾನ್ಯತೆ ಇಲ್ಲ ಅಂತ ಪ್ರಕಟಿಸಿತು. ಮತ್ತೆ ಮಾನ್ಯತೆ ಬಂದದ್ದು 2018ರಲ್ಲಿ. ಮಧ್ಯದಲ್ಲಿ ಸಿಕ್ಕಿಹಾಕಿಕೊಂಡವರು ಬಡವರ ಮಕ್ಕಳು, ಕೆಲಸ ಮಾಡ್ತಾ ಓದಿದವರು. ಅವರು ಧರಣಿ ಕೂತರು, ಅರ್ಜಿ ಹಾಕಿದರು, ಕೋರ್ಟಿಗೆ ಹೋದರು. ಆದರೆ ರಾಜ್ಯದ ಮೂಲೆ ಮೂಲೆಯಲ್ಲಿ ಚದುರಿದ್ದ ವಿದ್ಯಾರ್ಥಿಗಳಿಗೆ ಒಬ್ಬರ ನಂಬರ್ ಇನ್ನೊಬ್ಬರ ಹತ್ತಿರ ಇರಲಿಲ್ಲ. ರೆಗ್ಯುಲರ್ ಕಾಲೇಜಿನಲ್ಲಿ ಹೀಗಾಗಿದ್ದರೆ ಒಂದೇ ದಿನದಲ್ಲಿ ಗೇಟ್ ಮುಂದೆ ಸಾವಿರ ಜನ ಸೇರೋರು. ಇಲ್ಲಿ ಗೇಟೇ ಇಲ್ಲ, ಎಲ್ಲಿ ಸೇರೋದು?

ಆಮೇಲೆ ಬಂತು 2020. ಕೊರೋನಾ. ಹಾಸ್ಟೆಲ್ ಖಾಲಿ ಮಾಡಿ ಅಂದರು. ಹುಡುಗರು ಟ್ರಂಕ್ ಹೊತ್ತುಕೊಂಡು ಊರಿಗೆ ಬಂದರು. ಪಾಠ ಫೋನಿಗೆ ಬಂತು. ಆದರೆ ಫೋನ್ ಎಲ್ಲಿ? ಸರ್ಕಾರದ್ದೇ 2017-18ರ ಎನ್‌ಎಸ್‌ಒ ಸಮೀಕ್ಷೆ ಪ್ರಕಾರ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಮನೆ ನೂರಕ್ಕೆ 4.4, ಇಂಟರ್ನೆಟ್ ಇದ್ದ ಮನೆ ನೂರಕ್ಕೆ ಸುಮಾರು 15. ಇದು ಎಲ್ಲ ಜಾತಿ ಸೇರಿಸಿದ ಲೆಕ್ಕ. ಕೇರಿಯ ಲೆಕ್ಕ ನಾವೇ ಹಾಕಿಕೊಳ್ಳಬೇಕು. ಸಿಗ್ನಲ್ ಸಿಗೋ ದಿಬ್ಬ ಹುಡುಕಿಕೊಂಡು, ಮರ ಹತ್ತಿ ಪಾಠ ಕೇಳಿದ ಮಕ್ಕಳ ಫೋಟೋ ಪೇಪರಿನಲ್ಲಿ ಬಂತು, ನೋಡಿದವರು ಭೇಷ್ ಅಂದರು. ಭೇಷ್ ಅನ್ನೋ ವಿಷಯನಾ ಅದು?

ಫೋನ್ ಇದ್ದವರಿಗೂ ಇನ್ನೊಂದು ಕಷ್ಟ. ಕ್ಯಾಮೆರಾ ಆನ್ ಮಾಡಿ ಅಂತಾರೆ. ಆನ್ ಮಾಡಿದರೆ ಹಿಂದೆ ಸೋರೋ ಶೀಟಿನ ಮನೆ ಕಾಣುತ್ತೆ. ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಒಂದೇ ಗೋಡೆ ಇತ್ತು. ಆನ್‌ಲೈನಿನಲ್ಲಿ ಜಾತಿ ಕಾಣಲ್ಲ, ಎಲ್ಲರೂ ಸಮಾನ ಅಂತ ಕೆಲವರು ಹೇಳ್ತಾರೆ. ಕಾಣುತ್ತೆ ಸ್ವಾಮಿ. ಸ್ಕಾಲರ್‌ಶಿಪ್ ಪಟ್ಟಿಯ ಪಿಡಿಎಫ್ಫನ್ನು ಜಾತಿ ಕಾಲಂ ಸಮೇತ ಕ್ಲಾಸ್ ಗ್ರೂಪಿಗೆ ಹಾಕಿದರೆ ಕಾಣದೇ ಇರುತ್ತಾ? ಹಾಗೆ ಹಾಕಿದ ಗ್ರೂಪಿನ ಸ್ಕ್ರೀನ್‌ಶಾಟ್ ನನಗೇ ಕಳಿಸಿದ್ದಾರೆ. ಆ ಕಾಲೇಜಿನ ಹೆಸರು ಇಲ್ಲಿ ಬೇಡ.

2021ರ ಏಪ್ರಿಲ್‌ನಲ್ಲಿ ಖರಗ್‌ಪುರ ಐಐಟಿಯಲ್ಲಿ ಆದದ್ದು ನೆನಪಿರಬಹುದು. ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಇರೋ ಪೂರ್ವಸಿದ್ಧತಾ ಕೋರ್ಸಿನ ಆನ್‌ಲೈನ್ ಇಂಗ್ಲಿಷ್ ಕ್ಲಾಸಿನಲ್ಲಿ ಅಧ್ಯಾಪಕಿಯೊಬ್ಬರು ಮಕ್ಕಳನ್ನು ಬಾಯಿಗೆ ಬಂದ ಹಾಗೆ ಬೈದರು. ಪರದೆಯ ಮೇಲೆ ಚೌಕ ಚೌಕಗಳಲ್ಲಿ ಒಬ್ಬೊಬ್ಬರೇ ಕೂತಿದ್ದ ಮಕ್ಕಳು. ಪಕ್ಕದಲ್ಲಿ ಕೈ ಹಿಡಿಯೋರಿಲ್ಲ. ಆದರೆ ಯಾರೋ ಅದನ್ನು ರೆಕಾರ್ಡ್ ಮಾಡಿದರು. ವಿಡಿಯೋ ಹರಡಿತು. ಬೇರೆ ಬೇರೆ ಐಐಟಿಗಳ ಅಂಬೇಡ್ಕರ್‌ವಾದಿ ಹುಡುಗರು ದನಿ ಎತ್ತಿದರು. ಎಸ್‌ಸಿ ಆಯೋಗ ನೋಟಿಸ್ ಕೊಟ್ಟಿತು. ಆ ಅಧ್ಯಾಪಕಿ ಅಮಾನತಾದರು. ನಾನು ಇದನ್ನು ಎರಡು ಕಾರಣಕ್ಕೆ ಹೇಳ್ತಾ ಇದೀನಿ. ಒಂದು, ಕ್ಲಾಸು ಆನ್‌ಲೈನ್ ಆದ ತಕ್ಷಣ ಜಾತಿ ಆಫ್‌ಲೈನ್ ಆಗಲ್ಲ. ಎರಡು, ನಾಲ್ಕು ಗೋಡೆಯ ಕ್ಲಾಸಿನಲ್ಲಿ ಇಂಥದ್ದಕ್ಕೆ ಸಾಕ್ಷಿ ಸಿಗೋದು ಕಷ್ಟ, ಇಲ್ಲಿ ಸಾಕ್ಷಿ ಇತ್ತು. ಸಾಕ್ಷಿಯನ್ನು ನ್ಯಾಯದವರೆಗೆ ತಲುಪಿಸೋಕೆ ಮಾತ್ರ ಜನ ಬೇಕಾಯಿತು. ಆ ಜನ ಅದಕ್ಕೂ ಮುಂಚೆಯೇ ಸಂಘಟಿತರಾಗಿದ್ದರು.

ಆನ್‌ಲೈನಿನಲ್ಲಿ ವಿದ್ಯಾರ್ಥಿಗಳ ಬಳಗ ಕಟ್ಟೋಕೆ ಆಗಲ್ಲ ಅನ್ನೋದು ಸುಳ್ಳು. ಮದ್ರಾಸ್ ಐಐಟಿ 2020ರಲ್ಲಿ ಡೇಟಾ ಸೈನ್ಸ್ ಆನ್‌ಲೈನ್ ಪದವಿ ಶುರು ಮಾಡಿತು. ದೇಶದ ಎಲ್ಲ ಕಡೆಯ ವಿದ್ಯಾರ್ಥಿಗಳನ್ನು 'ಹೌಸ್'ಗಳಾಗಿ ಹಂಚಿದ್ದಾರೆ. ಅವಕ್ಕೆ ಕಾಡುಗಳ ಹೆಸರು: ನೀಲಗಿರಿ, ವಯನಾಡ್, ಕಾಜಿರಂಗ, ನಮ್ಮ ಬಂಡೀಪುರವೂ ಒಂದು. ಹೌಸ್‌ಗಳಿಗೆ ವಿದ್ಯಾರ್ಥಿ ಮುಖಂಡರಿದ್ದಾರೆ, ಸ್ಪರ್ಧೆ ನಡೀತವೆ, ಕ್ಲಬ್‌ಗಳಿವೆ. 'ಪ್ಯಾರಡಾಕ್ಸ್' ಅನ್ನೋ ಉತ್ಸವಕ್ಕೆ ಚೆನ್ನೈ ಕ್ಯಾಂಪಸ್ಸಿಗೇ ಹೋಗಿ ಸೇರ್ತಾರೆ. ಪರದೆಯಲ್ಲಿ ನೋಡಿದ ಮುಖವನ್ನು ಅಲ್ಲಿ ಕಣ್ಣಾರೆ ನೋಡ್ತಾರೆ. ಮನಸ್ಸು ಮಾಡಿದರೆ ಆಗುತ್ತೆ ಅಂತಾಯಿತು. ಆದರೆ ಕೂಲಿ ಬಿಟ್ಟು, ಚೆನ್ನೈಗೆ ಟಿಕೆಟ್ ಮಾಡಿಸಿ ಹೋಗೋ ಶಕ್ತಿ ಎಲ್ಲರಿಗೂ ಇರುತ್ತಾ? ಬಳಗಕ್ಕೂ ಬಸ್ ಚಾರ್ಜ್ ಬೇಕು.

ಉಳಿದ ಬಹಳ ಕಡೆ ಏನಿದೆ? ಒಂದು ವಾಟ್ಸಾಪ್ ಗ್ರೂಪ್. ಅದಕ್ಕೆ 'ಅಡ್ಮಿನ್ ಮಾತ್ರ ಮೆಸೇಜ್ ಕಳಿಸಬಹುದು' ಅಂತ ಬೀಗ. ಫೀಸು ಕಟ್ಟೋ ಕೊನೆ ದಿನ, ಹಾಲ್ ಟಿಕೆಟ್ ಲಿಂಕ್, ಹಬ್ಬದ ಶುಭಾಶಯ. ಇದು ನೋಟಿಸ್ ಬೋರ್ಡು. ನೋಟಿಸ್ ಬೋರ್ಡಿನ ಮುಂದೆ ನಿಂತವರು ಪಕ್ಕದವರ ಜೊತೆ ನಾಲ್ಕು ಮಾತಾದರೂ ಆಡ್ತಿದ್ದರು, ಇಲ್ಲಿ ಅದೂ ಇಲ್ಲ. ಅಮೆರಿಕದ ವಿನ್ಸೆಂಟ್ ಟಿಂಟೊ ಅನ್ನೋ ಪ್ರೊಫೆಸರ್ 1975ರಲ್ಲೇ ಬರೆದಿದ್ದರು: ಮಕ್ಕಳು ಕಾಲೇಜು ಬಿಡೋದಕ್ಕೆ ಬುದ್ಧಿ ಕಡಿಮೆ ಅನ್ನೋದೊಂದೇ ಕಾರಣ ಅಲ್ಲ, ಅಲ್ಲಿನ ಓದಿನ ಜೊತೆ, ಅಲ್ಲಿನ ಜನರ ಜೊತೆ ಬೆಸುಗೆ ಆಗದಿರೋದೂ ಕಾರಣ ಅಂತ. ನಮಗೆ ಇದು ಪ್ರೊಫೆಸರ್ ಹೇಳದೆಯೂ ಗೊತ್ತಿತ್ತು. ನಮ್ಮ ಮಕ್ಕಳು ಸ್ಕೂಲು ಬಿಟ್ಟಾಗೆಲ್ಲ 'ತಲೆಗೆ ಹತ್ತಲಿಲ್ಲ' ಅಂತ ಬರೆದುಕೊಂಡರು. ಯಾರೂ ಪಕ್ಕಕ್ಕೆ ಕೂರಿಸಿಕೊಳ್ಳಲಿಲ್ಲ ಅಂತ ಯಾವ ರಿಜಿಸ್ಟರಿನಲ್ಲೂ ಬರೆಯಲಿಲ್ಲ.

ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. ಹಾಸ್ಟೆಲ್ ಸ್ವರ್ಗ ಆಗಿರಲಿಲ್ಲ. ಹುಳ ಬಿದ್ದ ಅನ್ನ, ನೀರಿಲ್ಲದ ಬಚ್ಚಲು, ವಾರ್ಡನ್ ದರ್ಬಾರು ಎಲ್ಲ ಇತ್ತು, ಇದೆ. ನಮ್ಮೊಳಗೇ ಎಡ ಬಲ ಅಂತ ಬೇರೆ ಬೇರೆ ಕೂತು ಉಂಡದ್ದೂ ಇದೆ. ಹೆಣ್ಣುಮಕ್ಕಳ ಹಾಸ್ಟೆಲ್ ಕಡಿಮೆ, ಇದ್ದಲ್ಲೂ ಸಂಜೆಗೇ ಗೇಟಿಗೆ ಬೀಗ. ಡಿಎಸ್‌ಎಸ್ ಸಭೆಗಳಲ್ಲಿ ಅಕ್ಕ ತಂಗಿಯರು ಎಷ್ಟು ಜನ ವೇದಿಕೆ ಮೇಲೆ ಕೂತಿದ್ದರು ಅಂತ ನಾವೇ ಕೇಳಿಕೊಳ್ಳಬೇಕು. ಆನ್‌ಲೈನ್ ಡಿಗ್ರಿ ಅವರಿಗೆ ಬಾಗಿಲು ತೆರೆದಿದೆ. ಹದಿನೆಂಟಕ್ಕೇ ಮದುವೆಯಾದ ಹುಡುಗಿ, ರಾತ್ರಿ ಪಾಳಿಯ ಸೆಕ್ಯುರಿಟಿ ಗಾರ್ಡ್, ಗಾರ್ಮೆಂಟ್ಸ್ ಕೆಲಸದ ತಂಗಿ, ಗಾಲಿಕುರ್ಚಿಯಲ್ಲಿರೋ ತಮ್ಮ, ಇವರ್‍ಯಾರಿಗೂ ರೆಗ್ಯುಲರ್ ಕಾಲೇಜು ಆಗಿಬರಲ್ಲ. ಅದಕ್ಕೇ ಆನ್‌ಲೈನ್ ಬೇಡ ಅಂತ ನಾನು ಹೇಳಲ್ಲ. ಸೇರಿ. ಆದರೆ ಒಂಟಿಯಾಗಿ ಓದಬೇಡಿ.

ಸರ್ಕಾರ ಮತ್ತು ವಿಶ್ವವಿದ್ಯಾಲಯಗಳನ್ನು ನಾವು ಕೇಳಬೇಕಾದದ್ದು:

1. ಆನ್‌ಲೈನ್ ಇದೆಯಲ್ಲ ಅಂತ ಹಾಸ್ಟೆಲ್ ಸೀಟು ಕಡಿತ ಮಾಡಕೂಡದು. ಎರಡೂ ಬೇಕು. ಬಡವರಿಗೆ ಆನ್‌ಲೈನ್, ಉಳ್ಳವರಿಗೆ ಕ್ಯಾಂಪಸ್ ಅಂತಾದರೆ ಅದು ಹೊಸ ವರ್ಣಾಶ್ರಮ.

2. ವರ್ಷಕ್ಕೆ ಒಂದು ವಾರವಾದರೂ ಉಳಿದು ಓದುವ ಶಿಬಿರ ಇರಬೇಕು. ಪ್ರಯಾಣ, ಊಟದ ಖರ್ಚು ಸಂಸ್ಥೆಯೇ ಕೊಡಬೇಕು. ರಜೆಯಲ್ಲಿ ಖಾಲಿ ಇರೋ ಹಾಸ್ಟೆಲ್‌ಗಳನ್ನೇ ಬಳಸಬಹುದು.

3. ಎಸ್‌ಸಿ, ಎಸ್‌ಟಿ ಘಟಕ ಆನ್‌ಲೈನ್ ವಿದ್ಯಾರ್ಥಿಗಳಿಗೂ ಕೆಲಸ ಮಾಡಬೇಕು. ದೂರು ಯಾರಿಗೆ ಕೊಡಬೇಕು ಅಂತ ಮೊದಲ ದಿನವೇ ಹೆಸರು, ನಂಬರ್ ಸಮೇತ ತಿಳಿಸಬೇಕು.

4. ಜಾತಿ ಕಾಲಂ ಇರೋ ಪಟ್ಟಿಯನ್ನು ಗ್ರೂಪಿಗೆ ಹಾಕೋದು ನಿಲ್ಲಬೇಕು.

ಕೇಳ್ತಾ ಕೂರೋದರ ಜೊತೆಗೆ ನಾವು ಇವತ್ತೇ ಮಾಡಬಹುದಾದದ್ದು:

1. ರಾಜ್ಯದಲ್ಲಿ ಎಷ್ಟೊಂದು ಕಡೆ ಅಂಬೇಡ್ಕರ್ ಭವನ ಇವೆ. ಏಪ್ರಿಲ್ 14, ಡಿಸೆಂಬರ್ 6, ಮಧ್ಯೆ ಒಂದೆರಡು ಮದುವೆ. ಉಳಿದ ದಿನ ಬೀಗ. ತಿಂಗಳಿಗೆ ಎರಡು ಭಾನುವಾರ ಬೀಗ ತೆಗೆಸಿ. ಆ ಭಾಗದಲ್ಲಿ ಆನ್‌ಲೈನ್, ಅಂಚೆ ಮೂಲಕ ಓದೋರೆಲ್ಲ ಬರಲಿ. ಯಾವ ವಿವಿ ಆದರೇನು? ಒಂದು ಪ್ರೊಜೆಕ್ಟರ್ ಇಲ್ಲದಿದ್ದರೂ ಪರವಾಗಿಲ್ಲ, ಒಂದು ಚಾಪೆ, ಒಂದು ವೈಫೈ, ಟೀ ಇದ್ದರೆ ಸಾಕು.

2. ಡಿಗ್ರಿ ಮುಗಿಸಿದ ಒಬ್ಬರು ಐದು ಜನ ಹೊಸಬರನ್ನು ವಹಿಸಿಕೊಳ್ಳಲಿ. ವಾರಕ್ಕೊಂದು ಫೋನು. 'ಓದಿದೆಯಾ' ಅಂತ ಕೇಳೋದಲ್ಲ, 'ಊಟ ಆಯ್ತಾ, ಎಲ್ಲಿ ತೊಡಕಾಯ್ತು' ಅಂತ ಕೇಳೋದು.

3. ಇಂಗ್ಲಿಷ್ ಪಾಠ ಅರ್ಥ ಆಗದವರಿಗೆ ಅದನ್ನೇ ಕನ್ನಡದಲ್ಲಿ ಐದು ನಿಮಿಷ ವಾಯ್ಸ್ ಮೆಸೇಜ್ ಮಾಡಿ ಹಾಕಿ. ಓದಿದ್ದನ್ನು ಇನ್ನೊಬ್ಬರಿಗೆ ಹೇಳಿದರೆ ಹೇಳಿದವನಿಗೂ ಗಟ್ಟಿಯಾಗುತ್ತೆ. ರಾಬೆನ್ ದ್ವೀಪದಲ್ಲಿ ನಡೆದದ್ದೂ ಇದೇ.

4. ಗ್ರೂಪಿನಲ್ಲಿ ಹೆಣ್ಣುಮಕ್ಕಳು ಧೈರ್ಯವಾಗಿ ಮಾತಾಡುವ ಹಾಗಿರಲಿ. ರಾತ್ರಿ ಹತ್ತಕ್ಕೆ 'ಹಾಯ್' ಅಂತ ಪರ್ಸನಲ್ ಮೆಸೇಜ್ ಹಾಕೋ ಹುಡುಗರನ್ನು ಅಲ್ಲೇ ಕಿವಿ ಹಿಂಡಿ ಕೂರಿಸಿ. ಅಡ್ಮಿನ್ ಒಬ್ಬ ಹುಡುಗಿಯೇ ಆಗಿರಲಿ.

5. ಎಡ, ಬಲ, ಆ ಬಣ, ಈ ಬಣ ಎಲ್ಲ ಹೊರಗೆ ಬಿಟ್ಟು ಬನ್ನಿ. ಅಲೆಮಾರಿ, ಆದಿವಾಸಿ, ಮುಸ್ಲಿಂ, ಹಿಂದುಳಿದ ಬಡ ಮಕ್ಕಳನ್ನೂ ಕರೆಯಿರಿ. ಬಾಬಾಸಾಹೇಬರಿಗೆ ಸಾಲ ಕೊಟ್ಟ ಗೆಳೆಯ ಮಹಾರ್ ಆಗಿರಲಿಲ್ಲ.

ಶಿಕ್ಷಣ, ಸಂಘಟನೆ, ಹೋರಾಟ ಅಂತ ನಾವು ಗೋಡೆ ಮೇಲೆ ಬರೀತೀವಿ, ಘೋಷಣೆ ಕೂಗ್ತೀವಿ. ಮೊದಲನೆಯದು ಈಗ ಫೋನಿನಲ್ಲಿ ಸಿಗುತ್ತೆ. ಎರಡನೆಯದನ್ನು ಯಾವ ಆ್ಯಪೂ ಕೊಡಲ್ಲ, ಅದನ್ನು ನಾವೇ ಕಟ್ಟಬೇಕು. ಎರಡನೆಯದು ಇಲ್ಲದೆ ಮೂರನೆಯದರ ಮಾತೇ ಇಲ್ಲ.

ನಿಮ್ಮ ತಾಲೂಕಿನಲ್ಲಿ ಆನ್‌ಲೈನ್ ಅಥವಾ ಅಂಚೆ ಮೂಲಕ ಓದ್ತಾ ಇರೋರು ಕಾಮೆಂಟಿನಲ್ಲಿ ತಾಲೂಕಿನ ಹೆಸರು ಮಾತ್ರ ಬರೆಯಿರಿ. ನಂಬರ್ ಹಾಕಬೇಡಿ. ಒಂದೇ ತಾಲೂಕಿನವರು ಮೂರು ಜನ ಸಿಕ್ಕರೂ ಸಾಕು, ಮುಂದಿನ ಭಾನುವಾರ ಭವನದ ಬೀಗದ ಕೈ ಯಾರ ಹತ್ತಿರ ಇದೆ ಅಂತ ವಿಚಾರಿಸೋಣ.

ಜೈ ಭೀಮ್.